ಮಕ್ಕಳ ಹೃದಯಕ್ಕೆ ತೊಡೆಯ ದಾರಿ

ಗರ್ಭದಲ್ಲಿರುವ ಮಗು ಉಸಿರಾಡುವುದಿಲ್ಲ. ಅದರ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಬೇಕಾಗುವುದೂ ಇಲ್ಲ. ಶ್ವಾಸಕೋಶದ ಅಪಧಮನಿಗೆ ಬಂದ ರಕ್ತದ ಬಹುಪಾಲು ಒಂದು ಗಿಡ್ಡ ನಾಳದ ಮೂಲಕ ಮಹಾಪಧಮನಿಗೆ ಸರಿದುಹೋಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಈ ನಾಳ ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಮಹಾಪಧಮನಿಯ ರಕ್ತ ಒತ್ತಡದಿಂದ ಶ್ವಾಸಕೋಶಕ್ಕೆ ನುಗ್ಗುತ್ತದೆ. ನಾಳ ದೊಡ್ಡದಿದ್ದರೆ ಹಾಲು ಕುಡಿಯುವಾಗಲೇ ಮಗು ಬೆವರುತ್ತದೆ, ಮೈ ಹಿಡಿಯುವುದಿಲ್ಲ, ಎದೆಯ ಸೋಂಕು ಮೇಲಿಂದ ಮೇಲೆ ಬರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಶ್ವಾಸಕೋಶದ ನಾಳಗಳು ಗಡುಸಾಗುತ್ತವೆ. ಆ ಹಂತ ದಾಟಿದ ಮೇಲೆ ನಾಳವನ್ನು ಮುಚ್ಚುವುದೇ ಅಪಾಯ. ಮಕ್ಕಳ ಹೃದ್ರೋಗ ಚಿಕಿತ್ಸೆಯಲ್ಲಿ ಕಾಲಕ್ಕೆ ಅಷ್ಟೊಂದು ಬೆಲೆ ಬಂದದ್ದು ಇದರಿಂದಲೇ.

1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ 7 ವರ್ಷದ ಹುಡುಗಿಯೊಬ್ಬಳ ಎದೆ ತೆರೆದು ಈ ನಾಳವನ್ನು ದಾರದಿಂದ ಕಟ್ಟಿದರು. ಮುಂದೆ ಸುಮಾರು ಮೂರು ದಶಕ ಎದೆ ಕೊಯ್ಯದೆ ಇದಕ್ಕೆ ಬೇರೆ ದಾರಿ ಇರಲಿಲ್ಲ. ರಕ್ತನಾಳದೊಳಗಿಂದಲೇ ಹೃದಯ ಮುಟ್ಟಬಹುದೆಂಬುದು ಮಾತ್ರ ಅದಕ್ಕೂ ಮೊದಲೇ ಗೊತ್ತಾಗಿತ್ತು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ರಕ್ತನಾಳಕ್ಕೆ ತೆಳು ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ, ಅದರ ತುದಿ ಹೃದಯ ಸೇರಿದ್ದನ್ನು ಚಿತ್ರದಲ್ಲಿ ತೋರಿಸಿದರು. 1956ರಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಜೊತೆಗೆ ಅವರಿಗೆ ನೊಬೆಲ್ ಬಂತು. ಬಹುಕಾಲ ಆ ಕೊಳವೆ, ಅಂದರೆ ಕ್ಯಾತಿಟರ್, ಒತ್ತಡ ಅಳೆಯಲು ಮತ್ತು ಚಿತ್ರ ತೆಗೆಯಲು ಮಾತ್ರ ಬಳಕೆಯಾಯಿತು.

ಅದು ಚಿಕಿತ್ಸೆಯ ಸಾಧನವಾದದ್ದು ನಿಜಕ್ಕೂ 1966ರಲ್ಲಿ, ಫಿಲಡೆಲ್ಫಿಯಾದ ವಿಲಿಯಂ ರಾಶ್‌ಕಿಂಡ್ ಕೈಯಲ್ಲಿ. ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟಿದ ಶಿಶು ನೀಲಿಗಟ್ಟಿ ಉಳಿಯುವುದೇ ಕಷ್ಟವಾಗಿತ್ತು. ರಾಶ್‌ಕಿಂಡ್ ಖಾಲಿ ಬಲೂನನ್ನು ಮೇಲಿನ ಕೋಣೆಗಳ ನಡುವಿನ ಸಣ್ಣ ಕಿಂಡಿಯಾಚೆಗೆ ತೂರಿಸಿ, ಉಬ್ಬಿಸಿ, ಒಮ್ಮೆಲೇ ಹಿಂದಕ್ಕೆ ಜಗ್ಗಿದರು. ಗೋಡೆ ಹರಿದು ಕಿಂಡಿ ಹಿರಿದಾಯಿತು. ಶುದ್ಧ ರಕ್ತವೂ ಅಶುದ್ಧ ರಕ್ತವೂ ಬೆರೆತು ಶಿಶುವಿನ ಬಣ್ಣ ತಿರುಗಿತು. ಪೂರ್ಣ ಶಸ್ತ್ರಚಿಕಿತ್ಸೆಯವರೆಗೆ ಜೀವ ಹಿಡಿದಿಡುವ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. ಮರುವರ್ಷ ಬರ್ಲಿನ್ನಿನ ಪೋರ್ಸ್‌ಟ್‌ಮನ್ ಮುಚ್ಚದ ನಾಳಕ್ಕೆ ಕ್ಯಾತಿಟರ್ ಮೂಲಕವೇ ಬಿರಡೆ ಹಾಕಿದರು. ಆದರೆ ಅದಕ್ಕೆ ಬೇಕಾದ ಕೊಳವೆ ಪುಟ್ಟ ಮಕ್ಕಳ ರಕ್ತನಾಳಕ್ಕೆ ತೀರಾ ದಪ್ಪ. 1982ರಲ್ಲಿ ಜೀನ್ ಕಾನ್ ಮತ್ತು ಸಂಗಡಿಗರು, ಇಕ್ಕಟ್ಟಾದ ಶ್ವಾಸಕೋಶದ ಕವಾಟವನ್ನು ಬಲೂನಿನಿಂದ ಅಗಲಿಸಿದ್ದನ್ನು ವರದಿ ಮಾಡಿದರು. ಆ ದಶಕದಲ್ಲೇ ಶ್ವಾಸಕೋಶದ ಅಪಧಮನಿಯ ಕವಲುಗಳನ್ನು ಹಿಗ್ಗಿಸುವ ಕೆಲಸವೂ ಶುರುವಾಯಿತು.

ಭಾರತದ ಪಾಲು ಈ ಚರಿತ್ರೆಯಲ್ಲಿ ಸಣ್ಣದಲ್ಲ. ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಇಲ್ಲಿ ಶಾಲೆಗೆ ಹೋಗುವ ವಯಸ್ಸಿನಲ್ಲೇ ಹೃದಯದ ಎಡಭಾಗದ ಮೈಟ್ರಲ್ ಕವಾಟವನ್ನು ಅಂಟಿಸಿಬಿಡುತ್ತಿತ್ತು. ಜಪಾನಿನ ಕಾಂಜಿ ಇನೊವೆ ಇದಕ್ಕೆಂದೇ ಬಲೂನ್ ರೂಪಿಸಿ 1984ರಲ್ಲಿ ಪ್ರಕಟಿಸಿದರು. 1985ರಲ್ಲಿ ಬಾಸ್ಟನ್ನಿನ ಜೇಮ್ಸ್ ಲಾಕ್ ಅವರು ದೆಹಲಿಯ ಖಲೀಲುಲ್ಲಾ, ಶ್ರೀವಾಸ್ತವ ಮೊದಲಾದ ವೈದ್ಯರೊಂದಿಗೆ ಇಲ್ಲಿನ ಮಕ್ಕಳು ಮತ್ತು ಹದಿಹರೆಯದವರಲ್ಲಿ ಮಾಡಿದ ಬಲೂನ್ ಚಿಕಿತ್ಸೆಯ ವರದಿ ಹೊರಬಂತು. ಕರ್ನಾಟಕದಲ್ಲಿ ಈ ಕೆಲಸ ಬೇರೂರಿದ್ದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ. ಸಿ.ಎನ್. ಮಂಜುನಾಥ್ ಮತ್ತವರ ತಂಡದಿಂದ ಸರ್ಕಾರಿ ಸಂಸ್ಥೆಯೊಂದು ಬಲೂನ್ ಚಿಕಿತ್ಸೆಗೆ ದೇಶದಲ್ಲೇ ಹೆಸರಾಯಿತು. 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಸತ್ಯಸಾಯಿ ಆಸ್ಪತ್ರೆ ಹಣ ಪಡೆಯದೆ ಚಿಕಿತ್ಸೆ ಕೊಡಲು ತೊಡಗಿತು. ಅದೇ ಸುಮಾರಿಗೆ ಬೊಮ್ಮಸಂದ್ರದಲ್ಲಿ ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಬಾಗಿಲು ತೆರೆಯಿತು.

ಬಲೂನ್ ಹಿಗ್ಗಿಸಬಲ್ಲದು, ಮುಚ್ಚಲಾರದು. ರಂಧ್ರ ಮುಚ್ಚುವುದನ್ನು ಸುಲಭ ಮಾಡಿದ್ದು ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ತಂತಿ. ಎಳೆದರೆ ನೂಲಿನಂತೆ ಸಣ್ಣಗಾಗಿ, ಬಿಟ್ಟರೆ ತನ್ನ ಮೂಲ ಆಕಾರಕ್ಕೆ ಮರಳುವ ಗುಣ ಅದರದು. ಕರ್ಟ್ ಅಂಪ್ಲಾಟ್ಜ್ 1990ರ ದಶಕದಲ್ಲಿ ಅದರಿಂದ ಬಲೆಯಂತೆ ಹೆಣೆದ ಮುಚ್ಚಳ ಮಾಡಿದರು. ಮಗುವಿಗೆ ಮಂಪರು ಕೊಟ್ಟು, ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ತಂತಿಯ ಮೇಲೆ ಕೊಳವೆ ಜಾರಿಸುತ್ತಾರೆ. 6 ಫ್ರೆಂಚ್ ಅಳತೆಯ ಕೊಳವೆಯೆಂದರೆ ಅಗಲ ಬರೀ 2 ಮಿ.ಮೀ. ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು, ಪರದೆಯ ಮೇಲೆ ನಾಳದ ಆಕಾರ ನೋಡಿ ಮುಚ್ಚಳದ ಸೈಜು ಆರಿಸುತ್ತಾರೆ. ಒಳಗೆ ಹೋದ ಮುಚ್ಚಳ ಅರಳಿ ಕೂತ ಮೇಲೂ ತಂತಿಗೆ ತಿರುಪಿನಿಂದ ಅಂಟಿಕೊಂಡೇ ಇರುತ್ತದೆ. ಸರಿಯಾಗಿ ಕೂರದಿದ್ದರೆ ಹಿಂದಕ್ಕೆಳೆದು ಮತ್ತೆ ಕೂರಿಸಬಹುದು. ಎಲ್ಲ ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ತಿರುಪು ಬಿಚ್ಚುವುದು. ತೊಡಕಿಲ್ಲದಿದ್ದರೆ ಮಗು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತದೆ, ಎದೆಯ ಮೇಲೆ ಗಾಯವಿಲ್ಲದೆ.

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಭಾವಿಕೇರಿಯಂಥ ಊರಿಗೆ ಈ ಚಿಕಿತ್ಸೆ ತಲುಪುವ ಬಗೆ ಬೇರೆ. ಅಂಕೋಲಾದಿಂದ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೆ ಸುಮಾರು 140 ಕಿ.ಮೀ.; ಬೆಂಗಳೂರು 500ರ ಹತ್ತಿರ. ಮಣಿಪಾಲ, ಗೋವಾ, ಧಾರವಾಡ, ಎಲ್ಲವೂ ಜಿಲ್ಲೆಯ ಹೊರಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದದ್ದು ಮಂಗಳೂರು ಮತ್ತು ಗೋವಾದ ದಿಕ್ಕನ್ನು ಹತ್ತಿರ ಮಾಡಿತು. ಹಣದ ದಾರಿ ತೆರೆದದ್ದು ನಿಧಾನವಾಗಿ. 2003ರಲ್ಲಿ ತಿಂಗಳಿಗೆ 5 ರೂಪಾಯಿಯಂತೆ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರಿ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆಯ ಆಸರೆಯಾಯಿತು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮುಂದೆ ಉಳಿದ ವಿಭಾಗಗಳ ಬಿಪಿಎಲ್ ಕುಟುಂಬಗಳಿಗೂ ಸಿಕ್ಕಿತು. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂತು.

ಆದರೂ ರೋಗ ಪತ್ತೆಯಾಗದಿದ್ದರೆ ಯಾವ ಯೋಜನೆಯ ಕಾರ್ಡೂ ಉಪಯೋಗಕ್ಕೆ ಬರದು. 2013ರಲ್ಲಿ ದೇಶದಾದ್ಯಂತ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಈ ಚರಿತ್ರೆಯಲ್ಲಿ ನಿಟಿನಾಲ್ ತಂತಿಯಷ್ಟೇ ದೊಡ್ಡ ಘಟನೆ. ಅದರ ವೈದ್ಯ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಹೋಗಿ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತದೆ. ಹುಟ್ಟಿನಿಂದ ಬಂದ ಹೃದಯ ದೋಷವೂ ರುಮ್ಯಾಟಿಕ್ ಹೃದ್ರೋಗವೂ ಅದರ ಪಟ್ಟಿಯಲ್ಲಿವೆ. ಸ್ಟೆತಾಸ್ಕೋಪಿನಲ್ಲಿ ಅಸಹಜ ಸದ್ದು ಕೇಳಿಸಿದ ಮಗುವನ್ನು ಎಕೋ ಪರೀಕ್ಷೆಗೆ, ಅಲ್ಲಿಂದ ಹೃದಯ ಆಸ್ಪತ್ರೆಗೆ ಕಳಿಸುವ ಹೊಣೆ ಆ ವ್ಯವಸ್ಥೆಯದು.

2016ರಲ್ಲಿ ಕಾರವಾರದ ಜಿಲ್ಲಾಸ್ಪತ್ರೆಯ ಜೊತೆಗೆ ವೈದ್ಯಕೀಯ ಕಾಲೇಜು ಶುರುವಾಯಿತು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರ ಜುಲೈನಲ್ಲಿ ಶಿರೂರು ಟೋಲ್‌ಗೇಟಿನ ಆಂಬುಲೆನ್ಸ್ ದುರಂತದ ನಂತರ ಇಡೀ ಉತ್ತರ ಕನ್ನಡದ ಕೂಗಾಯಿತು. ಅತ್ತ ಸಾಧನಗಳು ಇನ್ನಷ್ಟು ಮುಂದೆ ಸಾಗಿವೆ: 2000ದಲ್ಲಿ ಫಿಲಿಪ್ ಬಾನ್‌ಹಾಫರ್ 12 ವರ್ಷದ ಹುಡುಗನಿಗೆ ಕ್ಯಾತಿಟರ್ ಮೂಲಕವೇ ಶ್ವಾಸಕೋಶದ ಕವಾಟ ಕೂರಿಸಿದರು, 2019ರಲ್ಲಿ ಅಮೆರಿಕ 700 ಗ್ರಾಂ ತೂಕದ ಶಿಶುವಿಗೂ ಬಳಸಬಹುದಾದ ಮುಚ್ಚಳಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಎಲ್ಲವೂ ಕ್ಯಾತಿಟರ್ ಚಿಕಿತ್ಸೆ ನಡೆಯುವ ಕ್ಯಾತ್‌ಲ್ಯಾಬಿನಲ್ಲಿ ಮುಗಿಯುವುದಿಲ್ಲ. ಹುಟ್ಟಿನಿಂದಲೇ ಹೃದಯದ ನಾಲ್ಕು ತೊಡಕು ಕೂಡಿರುವ ಫ್ಯಾಲೋ ದೋಷದ ಪೂರ್ಣ ದುರಸ್ತಿಗೆ, ಕವಾಟಕ್ಕೆ ಅಂಟಿದಂತಿರುವ ಕೆಲವು ರಂಧ್ರಗಳಿಗೆ ಎದೆ ತೆರೆಯುವ ಶಸ್ತ್ರಚಿಕಿತ್ಸೆಯೇ ಗತಿ. ಮುಚ್ಚಳ ಹಾಕಿಸಿಕೊಂಡ ಮಗುವಿಗೂ ಮುಂದಿನ ತಿಂಗಳುಗಳಲ್ಲಿ ಆಗಾಗ ಎಕೋ ಆಗಬೇಕು, ಹಲ್ಲಿನ ಸೋಂಕು ತಗಲದಂತೆ ಕಾಯಬೇಕು.