ಹಳೆಯ ಚಾರ್ಜರ್, ಹೊಸ ಬ್ಯಾಟರಿ

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದ. ಅದರ ಒಡಲಲ್ಲಿ ಬ್ಯಾಟರಿಗಳಿದ್ದವು. ದೋಣಿಯ ಭಾರವನ್ನು ನೀರು ಹೊರುತ್ತದೆ. ವಿಮಾನಕ್ಕೆ ಆ ಅನುಕೂಲವಿಲ್ಲ. 1957ರಲ್ಲಿ ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ತಮ್ಮ ‘ರೇಡಿಯೋ ಕ್ವೀನ್’ ಎಂಬ ಮಾದರಿ ವಿಮಾನವನ್ನು ವಿದ್ಯುತ್ತಿನಿಂದ ಹಾರಿಸಿದಾಗ ಬಳಸಿದ್ದು ಬೆಳ್ಳಿ-ಸತುವಿನ ಬ್ಯಾಟರಿ. ಅದು ಹಗುರವಾಗಿತ್ತು, ಆದರೆ ದುಬಾರಿ, ಬಾಳಿಕೆಯೂ ಕಡಿಮೆ.

ಹವ್ಯಾಸಿಗಳ ಕೈಗೆಟುಕಿದ್ದು ನಿಕಲ್-ಕ್ಯಾಡ್ಮಿಯಂ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ್ದ ಈ ಸೆಲ್ ತಲಾ 1.2 ವೋಲ್ಟಿನದು, ಭಾರವಾದರೂ ಒರಟು ಬಳಕೆಯನ್ನು ತಾಳುತ್ತಿತ್ತು. ಅದಕ್ಕೊಂದು ಒಳ್ಳೆಯ ಗುಣವಿತ್ತು: ತುಂಬಿದ ಮೇಲೆ ವೋಲ್ಟೇಜ್ ತುಸು ಇಳಿಯುತ್ತಿತ್ತು. ವೇಗದ ಚಾರ್ಜರ್‌ಗಳು ಆ ಇಳಿತವನ್ನೇ ಸೂಚನೆಯೆಂದು ಹಿಡಿದು ನಿಲ್ಲುತ್ತಿದ್ದವು.

ಲಿಥಿಯಂ ಬಂದಾಗ ಈ ಸೂಚನೆ ಇಲ್ಲವಾಯಿತು. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಲೋಹದಿಂದಲೇ ಬ್ಯಾಟರಿ ಮಾಡಿದರು. ಚಾರ್ಜ್ ಮಾಡುವಾಗ ಲೋಹ ಮುಳ್ಳಿನಂತೆ ಬೆಳೆದು ಎದುರಿನ ವಿದ್ಯುದ್ವಾರವನ್ನು ಮುಟ್ಟಿದರೆ ಬೆಂಕಿ. 1980ರಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡನ್ನೂ 1985ರಲ್ಲಿ ಅಕಿರಾ ಯೋಶಿನೊ ಲೋಹದ ಬದಲು ಇಂಗಾಲವನ್ನೂ ತಂದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗಿಳಿಸಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಲೋಹದ ಡಬ್ಬಿಯ ಬದಲು ತೆಳು ಚೀಲದಲ್ಲಿ ಅಡಗಿದ ರೂಪವೇ ಇಂದು ಮಾದರಿ ವಿಮಾನಗಳಲ್ಲಿರುವ ಲಿಪೊ.

ಲಿಪೊ ಸೆಲ್ ತುಂಬಿದಾಗ 4.2 ವೋಲ್ಟ್. ಅಲ್ಲಿಗೆ ನಿಲ್ಲಿಸದಿದ್ದರೆ ವೋಲ್ಟೇಜ್ ಇಳಿಯುವುದಿಲ್ಲ, ಏರುತ್ತಲೇ ಹೋಗುತ್ತದೆ. ಇಳಿತಕ್ಕಾಗಿ ಕಾಯುವ ಹಳೆಯ ಚಾರ್ಜರ್‌ಗೆ ಇದನ್ನು ಜೋಡಿಸಿದರೆ ಅದು ಎಂದೂ ಬಾರದ ಸೂಚನೆಗೆ ಕಾಯುತ್ತಾ ತುಂಬುತ್ತಲೇ ಇರುತ್ತದೆ. ಚೀಲ ಉಬ್ಬುತ್ತದೆ, ಉರಿಯಲೂಬಹುದು.

ಇಂದಿನ ನಿಯಮಗಳೆಲ್ಲ ಈ ಗುಣದಿಂದಲೇ ಹುಟ್ಟಿದವು. ಮೂರು ಸೆಲ್‌ಗಳ ಪ್ಯಾಕ್ 12.6 ವೋಲ್ಟ್ ತೋರಿದರೆ ಸಾಲದು, ಒಂದು 4.0, ಉಳಿದೆರಡು 4.3 ಇದ್ದರೂ ಮೊತ್ತ ಅಷ್ಟೇ. ಅದಕ್ಕಾಗಿಯೇ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆದು ಸರಿದೂಗಿಸುವ ಬ್ಯಾಲೆನ್ಸ್ ತಂತಿ. 2200 ಮಿಲಿಆಂಪಿಯರ್-ಗಂಟೆಯ ಪ್ಯಾಕಿಗೆ 2.2 ಆಂಪಿಯರ್ ಚಾರ್ಜ್ ಸುರಕ್ಷಿತ ರೂಢಿ. ಕೊಳ್ಳುವಾಗ ಮೋಟಾರು ಎಳೆಯುವ ಕರೆಂಟನ್ನೂ ನೋಡಬೇಕು: ಅದೇ ಪ್ಯಾಕಿನ ಮೇಲೆ 25ಸಿ ಎಂದಿದ್ದರೆ ಅದರ ಅರ್ಥ 55 ಆಂಪಿಯರ್. ಹಾರಾಟವಿಲ್ಲದ ದಿನಗಳಲ್ಲಿ ಸೆಲ್ಲಿಗೆ ಸುಮಾರು 3.8 ವೋಲ್ಟಿನಲ್ಲಿ ಇಡಬೇಕು.

ತಂದೆಯ ಕಾಲದ ವಿಮಾನವನ್ನು ಮಗಳು ಮತ್ತೆ ಹಾರಿಸಬಹುದು, ರೆಕ್ಕೆ, ಬಾಲ ಎಲ್ಲವೂ ಕೆಲಸಕ್ಕೆ ಬಂದಾವು. ಆದರೆ ಆ ಪೆಟ್ಟಿಗೆಯಲ್ಲಿರುವ ಹಳೆಯ ಚಾರ್ಜರನ್ನು ಮಾತ್ರ ಹೊಸ ಬ್ಯಾಟರಿಗೆ ಮುಟ್ಟಿಸಬಾರದು. ಸರಿಯಾದ ಚಾರ್ಜರ್ ಇದ್ದಾಗಲೂ ಉರಿಯುವ ವಸ್ತುಗಳಿಂದ ದೂರ ಇಟ್ಟು, ಅದು ಮುಗಿಯುವವರೆಗೆ ಹತ್ತಿರದಲ್ಲೇ ಇರಬೇಕು.