ದೊಡ್ಡ ನಾಯಿಗೆ ತರಬೇತಿ: ದುಡ್ಡು ಕೊಡುವ ಮುನ್ನ ಇಷ್ಟು ನೋಡಿ

ಮುಂಡರಗಿ: ಯಾರೋ ಸಾಕಿ ಬೀದಿಗೆ ಬಿಟ್ಟ ದೊಡ್ಡ ನಾಯಿಯನ್ನು ಮನೆಗೆ ತಂದು ಅನ್ನ ಹಾಕುವುದು ಪುಣ್ಯದ ಕೆಲಸ. ಆದರೆ ಮೂವತ್ತು ಕೆ.ಜಿ. ನಾಯಿ ಹಗ್ಗ ಜಗ್ಗಿಕೊಂಡು ಓಡಿದರೆ ಹಿಡಿಯೋರು ಯಾರು? ಕೊರ್ಲಹಳ್ಳಿಯಂಥ ಊರಲ್ಲಿ ಕುರಿ ಹಿಂಡು, ಶಾಲೆ ಮಕ್ಕಳು, ಬೈಕು ಎಲ್ಲಾ ಒಂದೇ ದಾರಿಯಲ್ಲಿ. ಒಮ್ಮೆ ಕುರಿಗೆ ಬಾಯಿ ಹಾಕಿದರೆ ಕುರಿಗಾರನಿಗೆ ನಷ್ಟ, ನಾಯಿ ಜೀವಕ್ಕೂ ಕುತ್ತು.

ಮೊದಲು ಪಶು ಆಸ್ಪತ್ರೆ
ಮೈಯಲ್ಲಿ ನೋವಿದ್ದರೂ ನಾಯಿ ಗುರ್ ಅನ್ನುತ್ತದೆ. ಕಿವಿ, ಹಲ್ಲು, ಕೀಲು ತೋರಿಸಿ, ರೇಬೀಸ್ ಲಸಿಕೆ ಹಾಕಿಸಿ, ಚೀಟಿ ಇಟ್ಟುಕೊಳ್ಳಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಮೊದಲ ಎರಡು-ಮೂರು ವಾರ ಮನೆ, ಮಂದಿ, ಊಟದ ಹೊತ್ತು ರೂಢಿಯಾಗಲಿ, ತರಬೇತಿ ಆಮೇಲೆ.

ತರಬೇತುದಾರರಿಗೆ ಏನು ಕೇಳಬೇಕು?
• ಒಂದು ದಿನ ಕ್ಲಾಸ್ ನೋಡಾಕ ಬಿಡ್ತೀರೇನು? ಒಲ್ಲೆ ಅಂದರೆ ಬೇರೆ ಕಡೆ ನೋಡಿ.
• ಹೆಂಗ ಕಲಿಸ್ತೀರಿ? ತಿನಿಸು ಕೊಟ್ಟು, ಮೈದಡವಿ ಕಲಿಸುವವರು ಒಳ್ಳೆಯವರು. ಬಡಿಗೆ, ಮುಳ್ಳಿನ ಪಟ್ಟಿ, ಕರೆಂಟ್ ಪಟ್ಟಿ ಬಳಸುವ ಕಡೆ ಬೇಡ. ಮೊದಲೇ ಏಟು ತಿಂದ ನಾಯಿ ಹೆದರಿದರೆ ಕಚ್ಚುತ್ತದೆ.
• ನಮಗೂ ಕಲಿಸ್ತೀರೇನು? ನಾಯಿಯನ್ನಷ್ಟೇ ಒಯ್ದು ತಿಂಗಳು ಬಿಟ್ಟು ತಂದರೆ ಅದು ಅವರ ಮಾತು ಕೇಳುತ್ತದೆ, ನಿಮ್ಮದಲ್ಲ.
• ಗುಂಪಿನಲ್ಲೋ, ಒಂದಕ್ಕೋ? ಬೇರೆ ನಾಯಿ ಕಂಡರೆ ಎಗರುವಂಥದ್ದಕ್ಕೆ ಮೊದಲು ಒಂಟಿಯಾಗಿ ಕಲಿಸಬೇಕು.
• 'ಎಂಟು ದಿನದಾಗ ಗ್ಯಾರಂಟಿ' ಅಂದರೆ ನಂಬಬೇಡಿ; ಪೂರ್ತಿ ಹಣ ಮುಂಗಡ ಕೊಡಬೇಡಿ.

ಮುಧೋಳ ತಳಿಯಾದರೆ
ಇದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಬೇಟೆ ನಾಯಿ. ಕರೆದ ಕೂಡಲೇ ಬರುವುದನ್ನು ಕಲಿಯುವವರೆಗೆ ಬಯಲಲ್ಲಿ ಬಿಚ್ಚಬೇಡಿ. ಈ ತಳಿಗಾಗಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಮನೆಯಲ್ಲಿ
'ಬಾ', 'ಕುಂದ್ರು', 'ಬಿಡು' — ಮನೆಮಂದಿಯೆಲ್ಲಾ ಒಂದೇ ಮಾತು ಬಳಸಿ. ದಿನಕ್ಕೆ ಎರಡು ಸಲ ಹತ್ತು ನಿಮಿಷ ಸಾಕು. ಕುತ್ತಿಗೆ ಹಗ್ಗಕ್ಕಿಂತ ಎದೆಪಟ್ಟಿ ಮೇಲು. ಹಗಲೆಲ್ಲಾ ಕಟ್ಟಿ ಹಾಕಿದರೆ ಸಿಟ್ಟು ಹೆಚ್ಚುತ್ತದೆ.

ಕಾನೂನು ಏನನ್ನುತ್ತದೆ?
ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅರಿಶಿನ-ಸುಣ್ಣ ಹಚ್ಚದೆ ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ.