ಬಾಣಂತಿ ಜ್ವರದಿಂದ ಸೆಪ್ಸಿಸ್‌ವರೆಗೆ

‘ಗಾಯಕ್ಕೆ ನಂಜೇರಿ ಮೈಗೆಲ್ಲ ಹರಡಿತು, ಉಳಿಯಲಿಲ್ಲ’ ಎಂಬ ಮಾತನ್ನು ಹಿರಿಯರ ಬಾಯಿಂದ ನೀವು ಕೇಳಿರಬಹುದು. ಈ ನಂಜನ್ನೇ ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಕೊಳೆಯುವಿಕೆ ಎಂದರ್ಥ. ಇದು ಹಳೆಯ ಕಾಲದ ಕಾಯಿಲೆ, ಈಗೆಲ್ಲಿದೆ ಎಂದುಕೊಳ್ಳಬೇಡಿ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಕೋಟಿ ಜನ ಸೆಪ್ಸಿಸ್‌ಗೆ ಗುರಿಯಾದರು, ಸುಮಾರು 1.1 ಕೋಟಿ ಜನ ಸತ್ತರು ಎಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಪ್ರತಿಜೈವಿಕಗಳಿದ್ದೂ ಹೀಗೇಕೆ? ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಎರಡು ವಾರ್ಡುಗಳ ಲೆಕ್ಕ

1846ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ಯುವ ವೈದ್ಯ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಸಹಾಯಕನಾಗಿ ಸೇರಿದ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ತರಬೇತಿ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ. ಗರ್ಭಿಣಿಯರನ್ನು ಒಂದು ದಿನ ಇಲ್ಲಿಗೆ, ಮತ್ತೊಂದು ದಿನ ಅಲ್ಲಿಗೆ ಸೇರಿಸಿಕೊಳ್ಳುವ ಪದ್ಧತಿಯಿತ್ತು.

1846ರಲ್ಲಿ ಮೊದಲ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ಸತ್ತರು. ಎರಡನೆಯದರಲ್ಲಿ 3,754 ಹೆರಿಗೆಗಳಲ್ಲಿ 105 ತಾಯಂದಿರು ಸತ್ತರು. ಶೇಕಡಾವಾರು ನೀವೇ ಲೆಕ್ಕ ಹಾಕಿ ನೋಡಿ. ಮೊದಲನೆಯದು 11.4, ಎರಡನೆಯದು 2.8. ಹೆಚ್ಚಿನವರ ಸಾವಿಗೆ ಕಾರಣ ಬಾಣಂತಿ ಜ್ವರ. ಊರಿನ ಹೆಂಗಸರಿಗೂ ಈ ವ್ಯತ್ಯಾಸ ಗೊತ್ತಿತ್ತು. ಮೊದಲ ವಿಭಾಗಕ್ಕೆ ಸೇರಿಸಬೇಡಿ ಎಂದು ಅವರು ಅಂಗಲಾಚುತ್ತಿದ್ದರು.

ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂಬುದು ಆಗಿನ ನಂಬಿಕೆ. ಆದರೆ ಎರಡೂ ವಿಭಾಗಗಳಿಗೆ ಗಾಳಿ ಒಂದೇ. ಜನದಟ್ಟಣೆ ಕಾರಣವೇ? ಎರಡನೆಯದರಲ್ಲೇ ದಟ್ಟಣೆ ಹೆಚ್ಚು. ಸೆಮ್ಮೆಲ್‌ವೈಸ್ ಹೀಗೆ ಒಂದೊಂದೇ ಊಹೆಯನ್ನು ತಳ್ಳಿಹಾಕುತ್ತಾ ಬಂದ. 1847ರ ಮಾರ್ಚ್‌ನಲ್ಲಿ ಅವನ ಸ್ನೇಹಿತ, ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ಮರಣ ಹೊಂದಿದ. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಗುಲಿತ್ತು. ಅವನ ದೇಹದಲ್ಲಿ ಕಂಡ ಬದಲಾವಣೆಗಳು ಸತ್ತ ಬಾಣಂತಿಯರಲ್ಲಿ ಕಂಡಂಥವೇ ಆಗಿದ್ದವು.

ಮೊದಲ ವಿಭಾಗದ ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಹಾಗಾದರೆ ಸಾವನ್ನು ಹೊತ್ತು ತರುತ್ತಿದ್ದುದು ವೈದ್ಯರ ಕೈಗಳೇ! ಮೇ ತಿಂಗಳ ಮಧ್ಯದಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲ್‌ನಲ್ಲಿ ಶೇ. 18 ದಾಟಿದ್ದ ಸಾವು ಜುಲೈ ಹೊತ್ತಿಗೆ ಶೇ. 1.2ಕ್ಕೆ ಇಳಿಯಿತು. 1848ರಲ್ಲಿ ಎರಡೂ ವಿಭಾಗಗಳ ಅಂಕಿಗಳು ಹೆಚ್ಚುಕಡಿಮೆ ಸಮವಾದವು.

ಇಷ್ಟಾದರೂ ಅವನ ಮಾತನ್ನು ಬಹುಮಂದಿ ಒಪ್ಪಲಿಲ್ಲ. ತಾನೇ ರೋಗಿಗಳ ಸಾವಿಗೆ ಕಾರಣ ಎಂದು ಒಪ್ಪಿಕೊಳ್ಳುವುದು ಯಾವ ವೈದ್ಯನಿಗೆ ಸುಲಭ? ಕೈಗೆ ಅಂಟುವ ‘ಕಣ’ಗಳು ಯಾವುವೆಂದು ತೋರಿಸಲು ಸೆಮ್ಮೆಲ್‌ವೈಸ್‌ಗೂ ಸಾಧ್ಯವಾಗಲಿಲ್ಲ. 1865ರ ಆಗಸ್ಟ್ 13ರಂದು ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಅವನು ತೀರಿಕೊಂಡ. ಕಾರಣ, ಗಾಯಕ್ಕೆ ಏರಿದ ನಂಜು!

ರೋಗಾಣು ಕಂಡಿತು

ಅದರ ಹಿಂದಿನ ದಿನವೇ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಮೂಳೆ ಮುರಿದು ಗಾಯಗೊಂಡಿದ್ದ ಬಾಲಕನೊಬ್ಬನಿಗೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದ. ಗಾಯ ಕೀವಾಗದೆ ಮಾಯಿತು. ಲಿಸ್ಟರ್‌ಗೆ ಸ್ಫೂರ್ತಿ ಲೂಯಿ ಪಾಶ್ಚರ್‌ನ ಸಂಶೋಧನೆ. 1879ರಲ್ಲಿ ಪಾಶ್ಚರ್, ಬಾಣಂತಿ ಜ್ವರದ ರೋಗಿಗಳಲ್ಲಿ ಮಣಿಸರದಂತೆ ಜೋಡಿಸಿಕೊಂಡ ಜೀವಿಗಳನ್ನು ತೋರಿಸಿದ. ಇಂದು ಅವುಗಳ ಹೆಸರು ಸ್ಟ್ರೆಪ್ಟೊಕಾಕಸ್. ಸೆಮ್ಮೆಲ್‌ವೈಸ್‌ಗೆ ಕಾಣದ ಕಣ ಇದೇ. 1914ರಲ್ಲಿ ಜರ್ಮನಿಯ ಹ್ಯೂಗೊ ಶಾಟ್‌ಮ್ಯೂಲರ್, ದೇಹದೊಳಗಿನ ಒಂದು ನೆಲೆಯಿಂದ ರೋಗಾಣುಗಳು ರಕ್ತಕ್ಕೆ ನುಗ್ಗುವುದರಿಂದ ಈ ಸ್ಥಿತಿ ಉಂಟಾಗುತ್ತದೆ ಎಂದು ವಿವರಿಸಿದ.

ಮದ್ದು ಬಂದರೂ ನಿಲ್ಲದ ಸಾವು

1930ರ ದಶಕದಲ್ಲಿ ಸಲ್ಫಾ ಔಷಧಿಗಳು, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ರೋಗಾಣುವನ್ನು ಕೊಂದರೆ ರೋಗಿ ಬದುಕುತ್ತಾನೆ ಎಂದು ಎಲ್ಲರೂ ಭಾವಿಸಿದರು. ಅನೇಕರು ಬದುಕಿದರು, ನಿಜ. ಆದರೆ ರೋಗಾಣು ಸತ್ತ ಮೇಲೂ ಕೆಲವರು ಸಾಯುತ್ತಿದ್ದರು. 1972ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ಥಾಮಸ್, ರೋಗಾಣುವಿಗಿಂತ ಅದಕ್ಕೆ ನಮ್ಮ ದೇಹ ತೋರುವ ಪ್ರತಿಕ್ರಿಯೆಯೇ ಹೆಚ್ಚು ಅಪಾಯಕಾರಿ ಎಂದು ವಾದಿಸಿದ.

ಸೋಂಕು ತಗುಲಿದ ಜಾಗದಲ್ಲಿ ಉರಿಯೂತ ಉಂಟಾಗುವುದು ಸಹಜ, ಅಗತ್ಯ ಕೂಡ. ಅದು ಹತೋಟಿ ತಪ್ಪಿ ದೇಹವನ್ನೆಲ್ಲ ವ್ಯಾಪಿಸಿದರೆ ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ, ಅವುಗಳಿಂದ ದ್ರವ ಸೋರುತ್ತದೆ. ರಕ್ತದೊತ್ತಡ ಕುಸಿಯುತ್ತದೆ. ಸೂಕ್ಷ್ಮ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳು ಒಂದೊಂದಾಗಿ ಸೋಲುತ್ತವೆ. ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ.

ಗುರುತಿಸುವುದು ಹೇಗೆ?

1991ರಲ್ಲಿ ಅಮೆರಿಕದಲ್ಲಿ ಸೇರಿದ ತಜ್ಞರು ನಾಲ್ಕು ಲಕ್ಷಣಗಳ ಅಳತೆಗೋಲು ರೂಪಿಸಿದರು: ಮೈ ತಾಪ 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಅಥವಾ 36ಕ್ಕಿಂತ ಕಡಿಮೆ, ನಾಡಿ ನಿಮಿಷಕ್ಕೆ 90ಕ್ಕಿಂತ ಹೆಚ್ಚು, ಉಸಿರಾಟ 20ಕ್ಕಿಂತ ಹೆಚ್ಚು, ಬಿಳಿ ರಕ್ತಕಣಗಳ ಎಣಿಕೆಯಲ್ಲಿ ಏರುಪೇರು. ಸೋಂಕಿನ ಜೊತೆ ಇವುಗಳಲ್ಲಿ ಎರಡಿದ್ದರೆ ಸೆಪ್ಸಿಸ್. ಇದರ ಕೊರತೆಯನ್ನು ತರಗತಿಯಲ್ಲೇ ತೋರಿಸಬಹುದು. ಮೈದಾನ ಸುತ್ತಿ ಓಡಿ ಬಂದ ವಿದ್ಯಾರ್ಥಿಯ ನಾಡಿ, ಉಸಿರು ಎಣಿಸಿ. ಎರಡೂ ಗಡಿ ದಾಟಿರುತ್ತವೆ! ಅವನಿಗೆ ನೆಗಡಿಯೂ ಇದ್ದರೆ? ಅಂದರೆ ಈ ಲಕ್ಷಣಗಳು ಅಪಾಯವಿಲ್ಲದವರಲ್ಲೂ ಕಾಣಬಹುದು.

ಆದ್ದರಿಂದ 2016ರಲ್ಲಿ ವ್ಯಾಖ್ಯೆ ಬದಲಾಯಿತು. ಸೋಂಕಿಗೆ ದೇಹವು ತೋರುವ ಹತೋಟಿ ತಪ್ಪಿದ ಪ್ರತಿಕ್ರಿಯೆಯಿಂದ ಅಂಗಗಳ ಕೆಲಸ ಕೆಟ್ಟು ಜೀವಕ್ಕೆ ಅಪಾಯವಾಗುವುದೇ ಸೆಪ್ಸಿಸ್. ಉಸಿರಾಟ 22 ಅಥವಾ ಹೆಚ್ಚು, ಸಂಕೋಚನ ರಕ್ತದೊತ್ತಡ 100 ಅಥವಾ ಕಡಿಮೆ, ಮಂಕು ಕವಿಯುವಿಕೆ – ಇವುಗಳಲ್ಲಿ ಎರಡು ಕಂಡರೆ ಎಚ್ಚರ ಎಂಬ ಸರಳ ಪರೀಕ್ಷೆಯೂ ಬಂತು. ಅದು ಕೆಲವು ರೋಗಿಗಳನ್ನು ಗುರುತಿಸದೆ ಬಿಡುತ್ತದೆ. ಹಾಗಾಗಿ ಅದೊಂದನ್ನೇ ನೆಚ್ಚಬೇಡಿ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು.

ಹೊತ್ತು ಮೀರುವ ಮುನ್ನ

2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಮ್ಯಾನುಯೆಲ್ ರಿವರ್ಸ್ ಮತ್ತು ಸಂಗಡಿಗರು 263 ರೋಗಿಗಳಲ್ಲಿ ಪ್ರಯೋಗ ನಡೆಸಿದರು. ಮೊದಲ ಆರು ಗಂಟೆಗಳಲ್ಲಿ ನಿರ್ದಿಷ್ಟ ಗುರಿಗಳಿಟ್ಟು ಚಿಕಿತ್ಸೆ ನೀಡಿದಾಗ ಸಾವು ಶೇ. 46.5ರಿಂದ ಶೇ. 30.5ಕ್ಕೆ ಇಳಿಯಿತು. ಆದರೆ 2014–15ರಲ್ಲಿ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳಲ್ಲಿ ಆ ಕಟ್ಟುನಿಟ್ಟಿನ ವಿಧಾನದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಷ್ಟರಲ್ಲಿ ಬೇಗ ಗುರುತಿಸಿ ಬೇಗ ಔಷಧಿ ಕೊಡುವುದು ಸಾಮಾನ್ಯ ಚಿಕಿತ್ಸೆಯ ಭಾಗವೇ ಆಗಿತ್ತು. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುವುದು ಹೀಗೆ.

2021ರ ಮಾರ್ಗಸೂಚಿಯ ಸಾರ ಇಷ್ಟು: ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದಿದ್ದರೆ ಒಂದು ಗಂಟೆಯೊಳಗೆ ಪ್ರತಿಜೈವಿಕ ನೀಡಬೇಕು. ತಡವಾಗದಂತಿದ್ದರೆ ಅದಕ್ಕೂ ಮೊದಲು ರಕ್ತದ ಮಾದರಿ ತೆಗೆದು ರೋಗಾಣು ಪರೀಕ್ಷೆಗೆ ಕಳಿಸಬೇಕು. ಲ್ಯಾಕ್ಟೇಟ್ ಅಳೆಯಬೇಕು, ರಕ್ತನಾಳದ ಮೂಲಕ ದ್ರವ ಕೊಡಬೇಕು. ಸಾಲದಿದ್ದರೆ ನಾರ್‌ಅಡ್ರಿನಲಿನ್ ಬಳಸಬೇಕು. ಕೀವಿನ ನೆಲೆ ಇದ್ದರೆ ಅದನ್ನು ತೆಗೆಯಬೇಕು. ಸೆಪ್ಸಿಸ್ ಹೌದೋ ಅಲ್ಲವೋ ಎಂಬ ಅನುಮಾನವಿದ್ದು ರಕ್ತದೊತ್ತಡ ಸರಿಯಿದ್ದರೆ, ಬೇಗ ಪರೀಕ್ಷಿಸಿ ಮೂರು ಗಂಟೆಯೊಳಗೆ ತೀರ್ಮಾನಿಸಬಹುದು. ಜ್ವರ ಬಂದವರಿಗೆಲ್ಲ ಪ್ರತಿಜೈವಿಕ ಕೊಟ್ಟರೆ ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ.

ಈ ಚಿಕಿತ್ಸೆ ಆಸ್ಪತ್ರೆಯ ಕೆಲಸ. ಆದರೆ ಅನುಮಾನ ಮೊದಲು ಮೂಡಬೇಕಾದುದು ಬಳಿಯಲ್ಲಿರುವವರಿಗೆ. ಸೋಂಕು ಇರುವವರು ತಬ್ಬಿಬ್ಬಾಗಿ ಮಾತನಾಡಿದರೆ, ಏದುಸಿರು ಬಿಟ್ಟರೆ, ಮೈ ತಣ್ಣಗಾಗಿ ಚರ್ಮ ಬಿಳಿಚಿಕೊಂಡರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ‘ಇದು ಸೆಪ್ಸಿಸ್ ಇರಬಹುದೇ?’ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ವಿಯೆನ್ನಾದ ತಾಯಂದಿರಿಗೆ ಸೂಕ್ಷ್ಮದರ್ಶಕ ಇರಲಿಲ್ಲ. ಆದರೂ ಅಪಾಯ ಎಲ್ಲಿದೆ ಎಂದು ವೈದ್ಯರಿಗಿಂತ ಮೊದಲೇ ಅವರು ಅರಿತಿದ್ದರು. ಅವರ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.